ರೆಕ್ಕೆ ಮಾವ ತುಂಬಿಸಿದ ವಿಮಾನ

ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವವರೊಬ್ಬರಿದ್ದಾರೆ. ಬೀದಿಗೆಲ್ಲ ಅವರು ರೆಕ್ಕೆ ಮಾವ. ಬಾಯಿ ಜೋರು. ಕನ್ನಡಕ ಸದಾ ಹಣೆಯ ಮೇಲಿರುತ್ತದೆ, ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಾರೆ. ಅವರನ್ನು ನೆನೆದರೆ ನನ್ನ ಕೈ ತಾನಾಗಿ ಮುಗಿಯುತ್ತದೆ. ಆದರೂ ಒಂದು ದಿನ ಅವರ ಮೇಲೆ ಕತ್ತರಿ ಎಸೆಯುವಷ್ಟು ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಅಮ್ಮನಿಗೆ ಬೆನ್ನುಮೂಳೆಯ ಕಾಯಿಲೆ. ಮೂರು ತಿಂಗಳಿಗೊಮ್ಮೆ ದೊಡ್ಡ ಊರಿನ ಆಸ್ಪತ್ರೆಗೆ ಹೋಗಲೇಬೇಕು. ಬಸ್ಸಿನಲ್ಲಿ ಒಂಬತ್ತು ಗಂಟೆ ಕೂರುವುದು ಅವಳಿಂದಾಗದು. ನಮ್ಮೂರಿನ ಪುಟ್ಟ ನಿಲ್ದಾಣದಿಂದ ದಿನಕ್ಕೊಂದೇ ವಿಮಾನ, ಐವತ್ತು ನಿಮಿಷದ ದಾರಿ. ಮೂರು ತಿಂಗಳೊಳಗೆ ಸೀಟು ತುಂಬದಿದ್ದರೆ ಅದನ್ನೂ ನಿಲ್ಲಿಸುತ್ತಾರೆಂದು ಸುದ್ದಿ ಬಂತು.

ಮಾವನ ಹತ್ತಿರ ಓಡಿದೆ. ಅವರು ತಲೆ ತಗ್ಗಿಸಿದರು.

"ಅದನ್ನ ಖಾಲಿ ಮಾಡಿದ್ದೇ ನಾನು ಕಣಮ್ಮ. ಬಂದೋರನ್ನೆಲ್ಲ ನಾಲ್ಕು ಗಂಟೆ ದೂರದ ದೊಡ್ಡ ನಿಲ್ದಾಣಕ್ಕೇ ಕಳಿಸ್ತಿದ್ದೆ. ಅಲ್ಲಿ ಟಿಕೆಟ್ ಅಗ್ಗ, ನನಗೂ ಸಲೀಸು."

ಕತ್ತರಿ ನೆನಪಾದದ್ದು ಆಗಲೇ.

ಮರುದಿನದಿಂದ ಅವರ ವರಸೆಯೇ ಬದಲಾಯಿತು. ಯಾರು ಟಿಕೆಟ್ ಕೇಳಿದರೂ, ಕಂಪ್ಯೂಟರ್ ಮುಟ್ಟುವ ಮೊದಲು, "ಮನೆಗೆ ಬೀಗ ಹಾಕೋದು ಎಷ್ಟು ಹೊತ್ತಿಗೆ?" ಎನ್ನುವರು. ಕಾಗದದ ಹಿಂಬದಿಯಲ್ಲಿ ಎರಡು ಗೀಟು ಎಳೆಯುವರು. ಮನೆ ಬಾಗಿಲಿನಿಂದ ಹೋಗಿ ಸೇರುವ ಬಾಗಿಲಿನವರೆಗೆ ಎಷ್ಟು ಗಂಟೆಯೋ ಅಷ್ಟುದ್ದ. ನಮ್ಮೂರ ವಿಮಾನದ ಗೀಟು ಗೇಣುದ್ದವೂ ಇರುತ್ತಿರಲಿಲ್ಲ. ದೊಡ್ಡ ನಿಲ್ದಾಣದ ಗೀಟು ಕಾಗದ ದಾಟಿ ಮೇಜಿನ ಮೇಲೆ ಹೋಗುತ್ತಿತ್ತು. ಎಣ್ಣೆ ಅಂಗಡಿಯ ಮಹಾ ಜಿಪುಣನೂ ಅದನ್ನು ನೋಡಿ ನಕ್ಕು, ಇಲ್ಲಿಂದಲೇ ಹೊರಟ.

ಮೂರು ತಿಂಗಳು ಕಳೆದವು. ಶಾಲೆಯ ಸಮವಸ್ತ್ರ ಹೊಲಿಯುವ ಗಡಿಬಿಡಿಯಲ್ಲಿ ನಾನು ಅಮ್ಮನ ಟಿಕೆಟ್ಟನ್ನೇ ಮರೆತಿದ್ದೆ. ಆಸ್ಪತ್ರೆಗೆ ಹೋಗಬೇಕಾದ ಹಿಂದಿನ ದಿನ ನಿಲ್ದಾಣಕ್ಕೆ ಫೋನ್ ಮಾಡಿದರೆ, "ಈ ವಾರವೆಲ್ಲ ಭರ್ತಿ," ಎಂದರು. ಹೊಲಿಗೆ ಬಿಟ್ಟು ಪಕ್ಕದಂಗಡಿಗೆ ಹೋದೆ.

"ಮಾವ, ನಿಮ್ಮ ವಿಮಾನ ತುಂಬ್ತು. ನಮ್ಮಮ್ಮನಿಗೇ ಜಾಗ ಇಲ್ಲ!" ಎಂದು ಅವರೆದುರು ಅತ್ತೇಬಿಟ್ಟೆ.

ಅವರು ಡ್ರಾಯರ್ ಎಳೆದು ಕಾಗದವೊಂದನ್ನು ಕೊಟ್ಟರು. ನಾಳೆಯ ಟಿಕೆಟ್, ಅಮ್ಮನದು ಮತ್ತು ನನ್ನದು. ಮಾಡಿಸಿದ ತಾರೀಖು ನೋಡಿದೆ. ಮೂರು ತಿಂಗಳ ಹಿಂದೆ ನಾನು ಅವರಲ್ಲಿಗೆ ಓಡಿ ಬಂದಿದ್ದ ದಿನದ್ದು.

"ಮೊದಲು ಯಾರಿಗೆ ಸೀಟು ಹಿಡೀಬೇಕು ಅಂತ ನನಗೆ ಗೊತ್ತಿಲ್ವೇನಮ್ಮ?" ಎಂದವರೇ ಮೇಜಿನ ಮೇಲೆ ಕನ್ನಡಕ ತಡಕಾಡತೊಡಗಿದರು. ನಾನೇ ಅದನ್ನು ಹಣೆಯಿಂದ ಇಳಿಸಿ ಮೂಗಿನ ಮೇಲೆ ಕೂರಿಸಿದೆ.

ವಿಮಾನ ನಿಲ್ಲಲಿಲ್ಲ. ಅಮ್ಮ ಈಗ ಕೋಲೂರಿಕೊಂಡು ಮಾವನ ಅಂಗಡಿಯ ಮೂರು ಮೆಟ್ಟಿಲನ್ನು ತಾನೇ ಹತ್ತುತ್ತಾಳೆ.