ಸರ್ವರ್ ಕೆಡವುವ ಮಾಲಿನಿ

ಬೆಳಗಿನ ಐದೂವರೆ. ತುಮಕೂರಿನ ಬಿ.ಎಚ್. ರಸ್ತೆಯ ಕೇಬಲ್ ಇಂಟರ್‌ನೆಟ್ ಕಚೇರಿಯಲ್ಲಿ ಮಾಲಿನಿ ಊರಿಗೆಲ್ಲ ನೆಟ್ ಹಂಚುವ ಸರ್ವರ್ ಕೆಡವುತ್ತಿದ್ದಾರೆ, ಅದೂ ಬೇಕೆಂದೇ. ಹೊಸ ತಂತ್ರಾಂಶ ಹಾಕಿದಾಗಲೆಲ್ಲ, ಗಿರಾಕಿಗಳು ಏಳುವ ಮೊದಲು, ನಾಲ್ಕು ಹಳೆಯ ಕಂಪ್ಯೂಟರುಗಳಿಂದ ಅದರ ಮೇಲೆ ಒಂದೇ ಸಮನೆ ಮಾಹಿತಿ ಸುರಿಯುತ್ತಾರೆ. ಅದು ಬಿದ್ದರೆ, ಎಲ್ಲಿ ಮುಗ್ಗರಿಸಿತೆಂದು ಹೇಳುವ ಒಂದಷ್ಟು ಸಾಲುಗಳು ಪರದೆಯ ಮೇಲೆ ಮೂಡುತ್ತವೆ. ಇಪ್ಪತ್ತು ಸೆಕೆಂಡಿಗೆ ಯಂತ್ರ ತಾನೇ ಮತ್ತೆ ಶುರುವಾಗಿ ಅವು ಅಳಿಸಿಹೋಗುತ್ತವೆ. ಅಷ್ಟರಲ್ಲಿ ಮಾಲಿನಿ ಶೀಘ್ರಲಿಪಿಯಲ್ಲಿ ಎಲ್ಲ ಬರೆದುಕೊಂಡಿರುತ್ತಾರೆ.

ನಿಟ್ಟೂರಿನ ಇವರು ಗುಬ್ಬಿಯಲ್ಲಿ ಟೈಪಿಂಗ್, ಶೀಘ್ರಲಿಪಿ ಕಲಿತವರು. ೧೯೯೯ರಲ್ಲಿ ಇಲ್ಲಿಗೆ ಸೇರಿದ್ದು ಟೈಪಿಸ್ಟ್ ಆಗಿ. ಸರ್ವರ್ ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋದಾಗ ಆ ಕೆಲಸ ಇವರ ತಲೆಗೆ ಬಂತು. ಪುಸ್ತಕ ಓದಿಯೇ ಕಲಿತರು.

ಹೋದ ವರ್ಷ ಸಂಜೆ ಏಳಾದರೆ, ಎಲ್ಲರೂ ನೆಟ್ ಮುಂದೆ ಕೂರುವ ಹೊತ್ತಿಗೇ, ಇಡೀ ಊರಿನ ಲೈನ್ ಹೋಗುತ್ತಿತ್ತು. ಬೈಗುಳವೆಲ್ಲ ಕೇಬಲ್ ಎಳೆಯುವ ಗಂಗರಾಜುವಿಗೆ. ಸುಳ್ಳೇಕೆ, ನಾನೂ ಬೈದಿದ್ದೇನೆ. ಮಾಲೀಕ ಮಹಾಲಿಂಗಯ್ಯನವರಂತೂ, "ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನನೂ ಹಿಂಗೇ ಆದ್ರೆ ಮಾರನೇ ದಿನದಿಂದ ಬರ್ಬೇಡ ಕಣೋ" ಎಂದುಬಿಟ್ಟರು.

"ಕೇಬಲ್ ಜಾಯಿಂಟ್ ಕೆಟ್ರೆ ಒಂದು ಬೀದಿ ಹೋಗುತ್ತೆ. ಇಡೀ ಊರು ಯಾಕೆ ಹೋಗುತ್ತೆ ಹೇಳಿ?" ಎನ್ನುತ್ತಾರೆ ಮಾಲಿನಿ.

ಮೂವತ್ತೊಂದು ಬೆಳಗು ಕೆಡವಿದರು. ಬರೆದುಕೊಂಡದ್ದರಲ್ಲೆಲ್ಲ ಒಂದೇ ಕಥೆ. ಕಂಪ್ಯೂಟರಿನ ಎಲ್ಲ ಕೆಲಸ ಹಂಚುವುದು ಕರ್ನಲ್ ಎಂಬ ಮೂಲ ತಂತ್ರಾಂಶ. ಅರ್ಧಕ್ಕೆ ಬಿಟ್ಟ ಕೆಲಸ ಇಟ್ಟುಕೊಳ್ಳಲು ಅದಕ್ಕಿರುವ ಸ್ಟ್ಯಾಕ್ ಎಂಬ ಜಾಗ ಬರೀ ನಾಲ್ಕು ಸಾವಿರ ಬೈಟು.

"ಮುದ್ದೆ ತಿರುವ್ತಾ ಇರ್ತೀವಿ, ಫೋನ್ ಬರುತ್ತೆ. ಫೋನಲ್ಲಿದ್ದಾಗ ಬಾಗಿಲು ಬಡೀತಾರೆ. ಅರ್ಧಂಬರ್ಧ ಎಲ್ಲಾನೂ ಇಡೋಕೆ ಇರೋದು ಒಂದೇ ಕಟ್ಟೆ. ತುಂಬ್ತು ಅಂದ್ರೆ ಮುದ್ದೆ ನೆಲಕ್ಕೆ" ಎಂದು ಮಾಲಿನಿ ಬಿಡಿಸಿ ಹೇಳುತ್ತಾರೆ.

ಯಾವ ಕೆಲಸ ಎಷ್ಟು ಜಾಗ ತಿನ್ನುತ್ತದೆಂದು ಪೆನ್ಸಿಲ್ ಹಿಡಿದು ಕೂಡಿದರು. ನೆಟ್‌ವರ್ಕ್ ಕಾರ್ಡ್ ನಡೆಸುವ ತಂತ್ರಾಂಶವೊಂದೇ ಅರ್ಧ ಜಾಗ ನುಂಗಿ ಕೂತಿತ್ತು. ಅದರ ಸಾಮಾನನ್ನು ಬೇರೆಡೆ ಇಡಿಸಲು ಬದಲಿಸಿದ್ದು ಐದೇ ಸಾಲು. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಇನ್ನು ಎರಡು ದಿನವಿತ್ತು.

ಆ ದಿನ ಕುಣಿಗಲ್, ಅಮೃತೂರಿನವರೂ ಬಂದು ಇಲ್ಲಿನ ಸೈಬರ್ ಕೆಫೆಗಳಲ್ಲಿ ಮುಗಿಬಿದ್ದರು. ನನ್ನ ಮಗಳ ಅಂಕ ಕಂಡದ್ದೂ ಹಾಗೇ. ಸರ್ವರ್ ಬೀಳಲಿಲ್ಲ. ಮಧ್ಯಾಹ್ನ ಗಂಗರಾಜು ಮೊಬೈಲ್ ಹಿಡಿದು ಕಚೇರಿಗೆ ಬಂದರಂತೆ: "ಅಕ್ಕಾ, ಒಬ್ರೂ ಬೈತಿಲ್ಲ. ಫೋನ್ ಕೆಟ್ಟೋಗಿದ್ಯಾ ನೋಡಿ."

ಅವರ ಕೆಲಸ ಉಳಿಯಿತು. ಊರಿನವರಿಗೆ ಮಾತ್ರ ತಪ್ಪು ಯಾರದ್ದೆಂದು ಇನ್ನೂ ಗೊತ್ತಿಲ್ಲ.

ಫೋಟೊ ಕೇಳಿದರೆ ಮಾಲಿನಿ ಕೈ ಅಡ್ಡ ಹಿಡಿಯುತ್ತಾರೆ. "ನಂದೇನೂ ಬೇಡ ಸಾರ್. ತಪ್ಪು ಗಂಗರಾಜುದಲ್ಲ ಅಂತ ಪೇಪರಲ್ಲಿ ಬರೀರಿ, ಸಾಕು."

ಬರೆದಿದ್ದೇನೆ. ಗಂಗರಾಜು, ನನ್ನನ್ನು ಕ್ಷಮಿಸಿ.