ಕತ್ತು ತಿರುಗಿಸದೆ ಕಂಡಷ್ಟು

ಕೊಪ್ಪದ ಸಮುದಾಯ ಭವನದಲ್ಲಿ ನಾವಿಬ್ಬರೂ ಸೇರಿ ಚಿತ್ರಪ್ರದರ್ಶನ ಇಟ್ಟುಕೊಂಡಿದ್ದೆವು. ನಾನು ಅಲ್ಲೇ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ನಾನು ಅಕ್ಕ ಎಂದು ಕರೆಯುವ ಇನ್ನೊಬ್ಬಳು ಶೃಂಗೇರಿಯಲ್ಲಿ ಬ್ಲೌಸ್ ಹೊಲಿದು ಬದುಕುವವಳು. ಕುಂಚ ಹಿಡಿದರೆ ಮಾತ್ರ ನನ್ನನ್ನು ಮೂಲೆಗೆ ಕೂರಿಸುವವಳು. ಈ ಸಲ ಅವಳು ತಂದ ಹೊಸ ಚಿತ್ರಗಳನ್ನು ಬಿಚ್ಚಿ ನೋಡಿದಾಗ ನನಗೆ ಸಿಟ್ಟೇ ಬಂತು. ಎಲ್ಲವೂ ಒಂದೇ ನೋಟ: ಅವಳ ಹೊಲಿಗೆ ಮೆಷಿನ್ ಪಕ್ಕದ ಕಿಟಕಿಯಿಂದ ಕಾಣುವ ಬಸ್ ಸ್ಟ್ಯಾಂಡು. ಅದೂ ಹೆಚ್ಚಿನವು ಅರ್ಧಂಬರ್ಧ. ಕ್ಯಾನ್ವಾಸಿನ ಅಂಚು ಬಿಳಿಯಾಗಿ ಹಾಗೇ ಉಳಿದಿತ್ತು.

"ಪೂರ್ತಿ ಮಾಡ್ಲಿಕ್ಕೆ ಎಂತ ಧಾಡಿ ನಿಂಗೆ?" ಎಂದೆ.

"ಪೂರ್ತಿನೇ ಅದು. ನೀ ಸುಮ್ನೆ ತೂಗುಹಾಕು. ಬರ್ದ ಕ್ರಮದಲ್ಲೇ ಹಾಕ್ಬೇಕು, ಹಿಂದೆಮುಂದೆ ಮಾಡ್ಬೇಡ."

ಮೊದಲನೆಯದರಲ್ಲಿ ಎಲ್ಲವೂ ಇತ್ತು. ನಿಂತ ಬಸ್ಸು, ಬಾಗಿಲಲ್ಲಿ ಕಂಡಕ್ಟರ್, ಎಡಕ್ಕೆ ಬುಟ್ಟಿ ಇಟ್ಟುಕೊಂಡ ಹೂವಿನವಳು, ಬಲಕ್ಕೆ ಯಾತ್ರಿಕರ ಲಾಡ್ಜಿನ ಬೋರ್ಡು, ಅದರ ಕೆಳಗೆ ಮಲಗಿದ ನಾಯಿ. ಮುಂದಿನದರಲ್ಲಿ ನಾಯಿ ಇರಲಿಲ್ಲ. ಆಮೇಲೆ ಬೋರ್ಡು ಹೋಯಿತು. ಹೂವಿನವಳು ಹೋಗಿ ಬುಟ್ಟಿ ಉಳಿಯಿತು, ನಂತರ ಬುಟ್ಟಿಯೂ ಹೋಯಿತು. ಕೊನೆಯದರಲ್ಲಿ ಅಷ್ಟು ದೊಡ್ಡ ಕ್ಯಾನ್ವಾಸಿನ ನಡುವೆ ಅಂಗೈಯಗಲ ಜಾಗದಲ್ಲಿ ಕಂಡಕ್ಟರನ ಮುಖ, ಬಾಗಿಲ ಕಂಬಿ, ಅಷ್ಟೇ. ಮೊಳೆ ಹೊಡೆಯುತ್ತ ಹೋದಂತೆ ನನಗೆ ಒಂಥರಾ ಕಸಿವಿಸಿ. ಪಂಕ್ತಿಯಿಂದ ಒಬ್ಬೊಬ್ಬರೇ ಊಟ ಬಿಟ್ಟು ಎದ್ದು ಹೋದ ಹಾಗಿತ್ತು.

"ಹೂವಿನವಳು ಸತ್ಲಾ?" ಎಂದು ಕೇಳಿದೆ.

"ದಿನಾ ಬರ್ತಾಳೆ. ನಿನ್ನೆನೂ ಮಾತಾಡ್ಸಿದ್ಳು," ಎಂದಳು ಅಕ್ಕ.

ಮರುದಿನ ಜನ ಬಂದರು. ನನ್ನ ಸಂತೆಯ ಚಿತ್ರಗಳ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ಗೋಡೆಗೆ ಬೆಳಕು ಸಾಲದು ಎಂದು ಗೊಣಗಿಕೊಂಡೆ. ಕುಣಿಯಲಾರದವಳಿಗೆ ನೆಲ ಡೊಂಕು. ಎಲ್ಲರೂ ಅಕ್ಕನ ಬಿಳಿ ಜಾಗದ ಎದುರೇ. ಒಬ್ಬರು ಅದನ್ನು ಮೌನ ಎಂದರು, ಇನ್ನೊಬ್ಬರು ವೈರಾಗ್ಯ ಎಂದರು. ಶೃಂಗೇರಿಯವಳಲ್ಲವೇ, ವೈರಾಗ್ಯ ಬಾರದೆ ಇರುತ್ತದೆಯೇ ಎಂದು ಮತ್ತೊಬ್ಬರು ಸೇರಿಸಿದರು. ಅಕ್ಕ ನಗುತ್ತಿದ್ದಳು.

ನಾನು ಅವಳ ಪಕ್ಕಕ್ಕೆ ಬಂದು ಚಹಾದ ಲೋಟ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಮೊಣಕೈ ತಾಗಿ ಬಿಸಿ ಚಹಾ ಸೀರೆಯ ಮೇಲೆ ಚೆಲ್ಲಿದಾಗಲೇ ಬೆಚ್ಚಿ ತಿರುಗಿದ್ದು.

"ಕಾಣೂದಿಲ್ವಾ ನಿಂಗೆ?" ಎಂದು ಗದರಿದೆ. ಗದರಿದ ಮೇಲೆ, ಬೆಳಿಗ್ಗೆ ಅವಳು ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡದ್ದು ನೆನಪಾಯಿತು. ಗೋಡೆಯ ಚಿತ್ರಗಳನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ನೋಡಿದೆ.

ಹೊರಗಿನ ನಲ್ಲಿಯ ಹತ್ತಿರ ಅವಳನ್ನು ಎಳೆದುಕೊಂಡು ಹೋದೆ.

"ಕತ್ತು ತಿರುಗಿಸದೆ ಕೂತ್ರೆ ಎಷ್ಟು ಕಾಣ್ತದೋ ಅಷ್ಟೇ ಬರ್ದದ್ದು," ಎಂದಳು, ಸೀರೆ ಹಿಂಡುತ್ತ. "ಕಣ್ಣಿನ ಪ್ರೆಶರ್ ಅಂತೆ. ನೋಟ ಬದಿಯಿಂದ ಹೋಗ್ತಾ ಬರ್ತದಂತೆ. ಹೋದದ್ದು ವಾಪಸ್ ಬರೂದಿಲ್ಲ, ಉಳಿದದ್ದು ಕಾಪಾಡ್ಕೊಳ್ಳಿ ಅಂದ್ರು ಡಾಕ್ಟ್ರು. ಮದ್ದಿನ ಹನಿ ಹಾಕ್ತಾ ಇದೀನಿ."

"ಮತ್ತೆ ಹನಿ ಹಾಕಿದ್ಮೇಲೆ ನಿಂತಿತಾ?"

"ಕಡೇ ಎರಡು ಚಿತ್ರ, ಹನಿ ಶುರು ಮಾಡಿದ್ಮೇಲೆ ಬರ್ದದ್ದು."

ನಾನು ನಲ್ಲಿ ನಿಲ್ಲಿಸಿದೆ.

"ಯಾರಿಗೂ ಹೇಳ್ಬೇಡ ಮಾರಾಯ್ತಿ," ಎಂದಳು. "ಕಣ್ಣು ಹೋಗ್ತಾ ಇರೋಳ ಹತ್ರ ಯಾರು ಬ್ಲೌಸ್ ಹೊಲಿಸ್ತಾರೆ?"

ಅಳು ಬಂತು. ಅಳಲು ಅವಳು ಪುರುಸೊತ್ತು ಕೊಡಲಿಲ್ಲ. ಒಳಗಿನಿಂದ ಯಾರೋ ಕರೆಯುತ್ತಿದ್ದರು.

ಕರೆದವರು ನರಸಿಂಹರಾಜಪುರದ ನಿವೃತ್ತ ಅಧ್ಯಾಪಕರು. ಮಳೆಗಾಲ ಮುಗಿದ ಮೇಲೆ ಅಲ್ಲಿ ನಮ್ಮ ಮುಂದಿನ ಪ್ರದರ್ಶನ ಏರ್ಪಡಿಸುವ ಹೊಣೆ ಅವರದು. ನಿಜಕ್ಕೂ ಒಳ್ಳೆಯ ಮನುಷ್ಯ. ಕೊನೆಯ ಚಿತ್ರದ ಮುಂದೆ ಕೈಕಟ್ಟಿ ನಿಂತಿದ್ದರು.

"ಏನು ಚಂದ ಅಮ್ಮ ಇದು," ಎಂದರು. "ಇದೇ ದಾರಿ ಬಿಡ್ಬೇಡಿ. ನಮ್ಮೂರಿಗೆ ತರೂದ್ರೊಳಗೆ ಇನ್ನೂ ಸಣ್ಣ ಆಗ್ಬೇಕು ನೋಡಿ, ಒಂದು ಚುಕ್ಕಿಯಷ್ಟು."

ಅಕ್ಕ ಇಡೀ ಮುಖವನ್ನು ಅವರ ಕಡೆಗೆ ತಿರುಗಿಸಿ ಕೈಮುಗಿದಳು.

"ಆಗ್ತದೆ ಸರ್," ಎಂದಳು.