ಬೀರುವಿನಲ್ಲಿ ಮೂರು ಎಲೆ

ದೊಡ್ಡ ಲಾಂಡ್ರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಬಾಯ್ಲರ್ ನೋಡಿಕೊಂಡವನಿಗೆ ಜನ ಇಟ್ಟ ಹೆಸರೂ ಬಾಯ್ಲರ್ ಅಂತಲೇ. ಯಂತ್ರಕ್ಕೂ ಅವನಿಗೂ ಇದ್ದ ವ್ಯತ್ಯಾಸ ಒಂದೇ. ಯಂತ್ರ ಸೀಟಿ ಊದುವ ಮುಂಚೆ ಮುಳ್ಳು ಏರಿಸಿ ಸೂಚನೆ ಕೊಡುತ್ತಿತ್ತು, ಇವನು ಅದನ್ನೂ ಕೊಡುತ್ತಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹೆಂಡತಿ ತೀರಿಹೋಗಿ ಎರಡು ವರ್ಷವಾಗಿತ್ತು. ಕಿಟಕಿಯ ಮೇಲೆ ಅವಳು ಸಾಕಿದ ಒಂದು ವಯೊಲೆಟ್ ಗಿಡ ಉಳಿದಿತ್ತು. ಬೆಕ್ಕಿನ ಕಿವಿಯಂಥ ಎಲೆ, ನೇರಳೆ ಹೂವು. ಎದುರಿನ ಕಟ್ಟಡದವರು ಎರಡು ಅಂತಸ್ತು ಏರಿಸಿದರು, ಬಿಸಿಲು ನಿಂತೇಹೋಯಿತು. ಬೀದಿಯಲ್ಲಿ ನಿಂತು ಗಾರೆಯವರನ್ನು ವಾಚಾಮಗೋಚರ ಬೈದ. ಬೈಗುಳಕ್ಕೆ ಗೋಡೆ ಬಗ್ಗುತ್ತದೆಯೇ? ಗಿಡ ನಡುವಿನಿಂದ ಕೊಳೆಯಿತು. ಗಟ್ಟಿಯಾಗಿದ್ದ ಮೂರು ಎಲೆ ಕಿತ್ತು, ಅವಳು ಮಾಡುತ್ತಿದ್ದ ಹಾಗೆಯೇ ತೊಟ್ಟನ್ನು ಮಣ್ಣಿಗೆ ಚುಚ್ಚಿ ಮೂರು ಕಪ್ಪಿನಲ್ಲಿಟ್ಟ. ಅವಳ ಬೀರು ಖಾಲಿ ಮಾಡಿ, ಬಟ್ಟೆ ತೂಗುಹಾಕುವ ಸರಳಿಗೆ ಟ್ಯೂಬ್ ದೀಪ ಕಟ್ಟಿದ. ಬೆಳಿಗ್ಗೆ ಆರಕ್ಕೆ ಹಚ್ಚುವುದು, ಸಂಜೆ ಆರಕ್ಕೆ ಆರಿಸುವುದು. ಈ ಮೂರೂ ಹೋದರೆ ಅವಳ ಕೈ ಮುಟ್ಟಿದ್ದರಲ್ಲಿ ಜೀವವಿರುವುದು ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅವನೊಬ್ಬನನ್ನು ಬಿಟ್ಟು.

ಎಲೆ ನೆಟ್ಟು ತಿಂಗಳಾಗುವಷ್ಟರಲ್ಲಿ ಡಾಕ್ಟರು ಹರ್ನಿಯಾ, ಆಪರೇಷನ್ ಆಗಬೇಕು ಅಂದರು. ಎಂಟು ದಿನ ಆಸ್ಪತ್ರೆ, ಮುಂದೆ ಹಾಕುವ ಹಾಗಿಲ್ಲ. ಅದೂ ಚಳಿಗಾಲದಲ್ಲಿ. ಸ್ವಿಚ್ ಹಾಕುವವರು ಯಾರು? ಪಕ್ಕದ ಮನೆಯ ಟೈಲರಮ್ಮನ ಜೊತೆ, ಅವಳ ಹೊಲಿಗೆ ಯಂತ್ರದ ಸದ್ದಿನ ವಿಷಯಕ್ಕೆ ಜಗಳವಾಡಿ ಮೂರು ವರ್ಷದಿಂದ ಮಾತಿಲ್ಲ. ಅವಳ ಬಾಗಿಲು ಏಳು ಹೆಜ್ಜೆ. ಎಲೆಕ್ಟ್ರಿಕ್ ಅಂಗಡಿ ಎರಡು ಮೈಲಿ. ಅವನು ಅಂಗಡಿಗೇ ನಡೆದ.

ಅಂಗಡಿಯಾಕೆ ಅರವತ್ತು ದಾಟಿದವಳು, ಕನ್ನಡಕ ದಾರದಲ್ಲಿ ಕಟ್ಟಿಕೊಂಡವಳು. ಎಂಟು ದಿನ ಮನೆಯಲ್ಲಿರಲ್ಲ, ಕಪ್ಪಿನಲ್ಲಿ ನೆಟ್ಟ ಎಲೆಗೆ ದೀಪ ಆರಕ್ಕೆ ತಾನೇ ಹತ್ತಿ ಆರಬೇಕು ಅಂದ. ಆಕೆ ಎರಡು ಟೈಮರ್ ಮುಂದಿಟ್ಟಳು.

"ಇದೇ ಕೊಡಿ," ಎಂದು ಸುತ್ತ ಹಲ್ಲುಗಳಿದ್ದ ತಿರುಗುವ ಬಿಲ್ಲೆಯದನ್ನು ಎತ್ತಿಕೊಂಡ. "ಕಣ್ಣಿಗೆ ಕಾಣತ್ತೆ. ಗುಂಡಿ ಒತ್ಕೊಂಡು ಕೂರೋದು ನನ್ನಿಂದಾಗಲ್ಲ."

"ಕರೆಂಟ್ ಹೋದ್ರೆ ಇದೂ ನಿಂತ್ಬಿಡತ್ತೆ ಸ್ವಾಮಿ. ಎರಡು ಗಂಟೆ ಹೋಗಿ ಬಂದ್ರೆ, ಆರಕ್ಕೆ ಹತ್ಬೇಕಾದ ದೀಪ ಎಂಟಕ್ಕೆ ಹತ್ತತ್ತೆ. ಆ ಇನ್ನೊಂದರೊಳಗೆ ಬ್ಯಾಟರಿ ಇದೆ, ಟೈಮು ಮರೆಯಲ್ಲ. ಮನೇಲಿ ಯಾರಾದ್ರೂ ಇದ್ರೆ ಬಿಲ್ಲೇದೇ ಸಾಕು, ತಿರುಗಿಸಿ ಸರಿಮಾಡ್ತಾರೆ. ಇದ್ದಾರಾ?"

ಅವನು ಬಿಲ್ಲೆಯನ್ನು ಕೆಳಗಿಟ್ಟ. "ಬ್ಯಾಟರೀದು ಕೊಡಿ."

ಆಕೆ ಮತ್ತೆ ಕೇಳಲಿಲ್ಲ. ಕಪ್ಪಿನಡಿ ಹಾಸುವ ಬಿಸಿ ಮ್ಯಾಟು, ಬಿಸಿ ಅಳೆದು ಅದನ್ನು ತಾನೇ ಹಚ್ಚಿ ಆರಿಸುವ ಥರ್ಮೋಸ್ಟ್ಯಾಟ್ ಡಬ್ಬಿ ತೆಗೆದಳು. "ದೀಪ ಟೈಮರಿಗೆ, ಮ್ಯಾಟು ಇದಕ್ಕೆ. ಎರಡನ್ನೂ ಟೈಮರಿಗೇ ಸಿಕ್ಕಿಸ್ಬೇಡಿ, ದೀಪ ಆರಿದ ಮೇಲೇ ತಾನೇ ಚಳಿ ಜಾಸ್ತಿ? ಇಪ್ಪತ್ತೊಂದು ಡಿಗ್ರಿಗೆ ಹತ್ತಲಿ, ಇಪ್ಪತ್ಮೂರಕ್ಕೆ ಆರಲಿ. ನಡುವೆ ಅಷ್ಟು ಜಾಗ ಬಿಡದಿದ್ರೆ ದಿನಾ ಟಕ್ ಟಕ್ ಅಂತ ಬಡ್ಕೊಳ್ತಾನೇ ಇರತ್ತೆ. ಈ ವೈರಿನ ತುದಿ ಇದೆಯಲ್ಲ, ಇದನ್ನ—"

"ಗೊತ್ತು ಬಿಡಿ. ಬಾಯ್ಲರ್ ನಡೆಸಿದೋನಿಗೆ ಬಿಸಿ ಬಗ್ಗೆ ಪಾಠ ಹೇಳ್ತೀರಾ?"

"ಹೇಳಲ್ಲಪ್ಪ. ಹೋಗೋ ಮುಂಚೆ ಎರಡು ದಿನ ನಡೆಸಿ ನೋಡಿ, ಅಷ್ಟೇ."

ಮನೆಗೆ ಬಂದು ಎಲ್ಲ ಜೋಡಿಸಿದ. ದೀಪ ಹೇಳಿದ ಹೊತ್ತಿಗೆ ಹತ್ತಿತು, ಆರಿತು. ಮ್ಯಾಟು ಮಾತ್ರ ದೀಪ ಉರಿಯುತ್ತಿದ್ದಷ್ಟು ಹೊತ್ತು ಒಮ್ಮೆಯೂ ಬಿಸಿಯಾಗಲಿಲ್ಲ. ಡಬ್ಬಿಯ ಮೇಲೆ ಇಪ್ಪತ್ತೇಳು ಅಂತ ಅಂಕಿ, ಕಪ್ಪು ಮುಟ್ಟಿದರೆ ಬಾವಿಯ ನೀರಿನಷ್ಟು ತಣ್ಣಗೆ. ಒಂದು ಎಲೆಯ ತೊಟ್ಟು ಆಗಲೇ ಕಂದು ತಿರುಗಿತ್ತು. ಅವನ ಪಿತ್ತ ನೆತ್ತಿಗೇರಿತು. ಡಬ್ಬಿ ಕಿತ್ತುಕೊಂಡು ಹೋಗಿ ಅಂಗಡಿಯ ಮೇಜಿನ ಮೇಲೆ ಕುಕ್ಕಿದ.

"ಸುಳ್ಳು ಅಂಕಿ ತೋರ್ಸೋ ಇಂಥಾ ಮಾಲು ಮಾರಕ್ಕೆ ನಾಚ್ಕೆ ಆಗಲ್ವಾ? ನನ್ನ ಎಲೆ ಸಾಯ್ತಾ ಇದೆ ಅಲ್ಲಿ!"

ಆಕೆ ಡಬ್ಬಿಯನ್ನು ಪ್ಲಗ್ಗಿಗೆ ಸಿಕ್ಕಿಸಿ ಅಂಕಿ ನೋಡಿದಳು, ವೈರು ನೋಡಿದಳು. "ಇದರ ತುದಿ ಎಲ್ಲಿಟ್ಟಿದ್ರಿ?"

"ದೀಪದ ಪಕ್ಕ. ಎಲ್ಲಿ ಹೆಚ್ಚು ಬಿಸಿಯೋ ಅಲ್ಲಿ. ಇನ್ನೆಲ್ಲಿಡ್ತಾರೆ?"

ಆಕೆಗೆ ನಗು ಬಂತು, ಅವನ ಮುಖ ನೋಡಿ ತಡೆದುಕೊಂಡಳು. "ಬಾಯ್ಲರಿಗೆ ಸಿಡಿಯೋ ಭಯ. ಅದಕ್ಕೆ ಬಿಸಿ ಇರೋ ಕಡೆ ಕಾಯ್ತೀರಿ. ಈ ಎಲೆಗಿರೋದು ಚಳಿ ಭಯ. ಎಲ್ಲಿ ತಣ್ಣಗಿದೆಯೋ ಅಲ್ಲಿ ಇಟ್ಟು ಕೇಳ್ಬೇಕು. ಕಪ್ಪಿನ ಮಣ್ಣೊಳಗೆ ಚುಚ್ಚಿ."

ಇಪ್ಪತ್ತೆಂಟು ವರ್ಷ ಅವನು ಸಿಡಿಯುವುದನ್ನೇ ಕಾದವನು. ಹೆಂಡತಿಯ ಕಾಲು ತಣ್ಣಗಿರುತ್ತಿತ್ತು. ಹಾಸಿಗೆಯಲ್ಲಿ ತಾಕಿದಾಗಲೆಲ್ಲ ದೂರ ಸರಿದು, "ಕಾಲ್ಚೀಲ ಹಾಕ್ಕೋಬಾರ್ದಾ?" ಎಂದು ರೇಗುತ್ತಿದ್ದ. ಯಾಕೆ ತಣ್ಣಗಿದೆ ಅಂತ ಒಂದು ದಿನವೂ ಕೇಳಿರಲಿಲ್ಲ. ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ವೈರಿನ ತುದಿ ಮಣ್ಣಿಗೆ ಚುಚ್ಚಿದ ಸ್ವಲ್ಪ ಹೊತ್ತಿಗೇ ಮ್ಯಾಟು ಬೆಚ್ಚಗಾಯಿತು. ಕಪ್ಪಿನ ತಳದಿಂದ ನೀರಿನ ಡಬ್ಬಿಗೆ ಹತ್ತಿಯ ದಾರ ಇಳಿಬಿಟ್ಟ. ನೀರನ್ನು ಮಣ್ಣೇ ಎಳೆದುಕೊಳ್ಳುವ ಆ ಉಪಾಯ ಹೆಂಡತಿಯದು. ಎಲ್ಲ ಮುಗಿಸಿ ಸ್ಟೂಲಿನ ಮೇಲೆ ಕೂತು ನೋಡಿದ. ಬೆಳಕು, ಬಿಸಿ, ನೀರು, ಯಾವುದಕ್ಕೂ ಅವನು ಬೇಕಾಗಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಫಾರ್ಮ್ ಹಿಡಿದು ಬಂದಳು. "ನಿಮ್ಮ ಕಡೆಯವರದ್ದು ಒಂದು ನಂಬರ್ ಹೇಳಿ."

"ಯಾರೂ ಇಲ್ಲ."

"ಯಾರ್ದಾದ್ರೂ ಸರಿ ಅಣ್ಣ, ಜಾಗ ಖಾಲಿ ಬಿಡೋ ಹಾಗಿಲ್ಲ."

ಜೇಬು ತಡಕಾಡಿದ. ಸಿಕ್ಕಿದ್ದು ಥರ್ಮೋಸ್ಟ್ಯಾಟಿನ ಗ್ಯಾರಂಟಿ ಚೀಟಿ. ಅದರ ಮೇಲಿದ್ದ ನಂಬರನ್ನು ಓದಿ ಹೇಳಿದ.

ಎಂಟು ದಿನ ಕಳೆದು ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಬೀರು ತೆರೆದ. ಒಂದು ಎಲೆ ಕೊಳೆತಿತ್ತು. ಒಂದು ಇದ್ದ ಹಾಗೇ ಇತ್ತು. ಮೂರನೆಯದರ ಬುಡದಲ್ಲಿ, ಕನ್ನಡಕ ಹಾಕಿ ನೋಡಿದರೆ ಮಾತ್ರ ಕಾಣುವಂಥ ಇಲಿಕಿವಿಯ ಆಕಾರದ ಹಸಿರು ಚಿಗುರು. "ಏಯ್, ಬಾ ಇಲ್ಲಿ, ನೋಡು," ಎಂದುಬಿಟ್ಟ, ಜೋರಾಗಿಯೇ. ಅಡುಗೆಮನೆಯಿಂದ ಯಾರೂ ಬರಲಿಲ್ಲ.

ಆಪರೇಷನ್ನಿನ ಹೊಲಿಗೆ ಎಳೆಯುತ್ತಿದ್ದರೂ ಅಂಗಡಿಗೆ ಹೋದ.

"ಮತ್ತೇನು ಕೆಡ್ತು?" ಅಂದಳು ಆಕೆ. ತಕ್ಷಣ ಕನ್ನಡಕ ಏರಿಸಿದಳು. "ಓ, ನೀವಾ! ಆಸ್ಪತ್ರೆಯಿಂದ ಫೋನ್ ಬಂದಿತ್ತು, ನಿಮ್ಮವರ ಆಪರೇಷನ್ ಚೆನ್ನಾಗಾಯ್ತು ಅಂತ. ನಮ್ಮವರು ಯಾರಪ್ಪಾ ಅಂತ ತಲೆ ಕೆರ್ಕೊಂಡೆ. ಬಾಯ್ಲರ್ ನಡೆಸ್ತಿದ್ದೋರು ಅಂದ್ರು. ಸರಿ ಅಂದೆ. ಇನ್ನೇನು ಹೇಳ್ಲಿ?"

ಅವನ ಕಿವಿ ಕೆಂಪಾಯಿತು. "ಏನೂ ಕೆಟ್ಟಿಲ್ಲ. ಕೆಟ್ಟಿಲ್ಲ ಅಂತ ಹೇಳಿಹೋಗೋಣ ಅಂತ ಬಂದೆ."

"ಒಳ್ಳೇದಾಯ್ತು," ಎಂದಳು. ಬಲ್ಬ್ ಕೇಳಿಕೊಂಡು ಇನ್ನೊಬ್ಬರು ಬಂದರು, ಆಕೆ ಅವರ ಕಡೆ ತಿರುಗಿದಳು. ಸ್ವಲ್ಪ ಹೊತ್ತು ವೈರಿನ ಸುರುಳಿಗಳನ್ನು ನೋಡುತ್ತ ನಿಂತಿದ್ದು ಹೊರಬಿದ್ದ.

ಆರಕ್ಕೆ ಐದು ನಿಮಿಷವಿದ್ದಾಗ ಮನೆ ಸೇರಿದ. ಪಕ್ಕದಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು. ಈ ಸಲ ಗೋಡೆಗೆ ಗುದ್ದಲಿಲ್ಲ. ಬೀರುವಿನ ಮುಂದೆ ಸ್ಟೂಲು ಎಳೆದು, ಟೈಮರಿನ ವೈರು ಕಿತ್ತು ದೀಪವನ್ನು ನೇರ ಸ್ವಿಚ್ಚಿಗೆ ಸಿಕ್ಕಿಸಿದ. ಆರು ಹೊಡೆದ ಮೇಲೆ ಕೈಯಾರೆ ಆರಿಸಿದ.